ಬಾಣಲೆ ಇಡದ ವರ್ಷದ ಚರ್ಪು

ನಮ್ಮ ಮನೆಗೆ ಕಾನೂನು ಮಾಡುವ ಅಧಿಕಾರ ಇಬ್ಬರ ಕೈಯಲ್ಲಿತ್ತು. ಒಬ್ಬ ನಮ್ಮಪ್ಪ, ಅವನು ಮನೆಯಲ್ಲಿ ಇರುತ್ತಿದ್ದದ್ದೇ ಅಪರೂಪ. ಇನ್ನೊಬ್ಬರು ಜಯಮ್ಮನವರು, ಅವರು ಇದ್ದದ್ದು ಎದುರು ಮನೆಯಲ್ಲಿ. ಆಷಾಢದಲ್ಲಿ ಅವ್ವ ಜ್ವರ ಬಂದು ತೀರಿಕೊಂಡ ಮೇಲೆ ನಾವು ಮೂವರು ಮಕ್ಕಳು ಈ ಎರಡು ಸರ್ಕಾರಗಳ ಪ್ರಜೆಗಳಾಗಿ ಬಾಳುತ್ತಿದ್ದೆವು. ಅಪ್ಪನ ಕಾನೂನು ಒಂದೇ ಸಾಲಿನದು: ನಾನಿಲ್ಲದಾಗ ಒಲೆ ಹಚ್ಚಕೂಡದು. ಜಯಮ್ಮನವರದು ಅದಕ್ಕಿಂತ ಬಹಳ ಹಳೆಯದು, ಕಾರಣ ಕೇಳುವಂತಿರಲಿಲ್ಲ: ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಬಾಣಲೆ ಇಡಕೂಡದು. ಬಾಣಲೆ ಇಡಕೂಡದು ಎಂದರೆ ವಡೆಯಿಲ್ಲ, ಕಜ್ಜಾಯವಿಲ್ಲ, ಚಕ್ಕುಲಿಯಿಲ್ಲ. ಗೌರಿ ಗಣೇಶ ಇಬ್ಬರೂ ಆ ವರ್ಷ ನಮ್ಮ ಮನೆಗೆ ಬಾರದೆ ಹಾಗೇ ಹೊಳೆಗೆ ಹೋಗಿದ್ದರು. ಮುಂದೆ ಇದ್ದದ್ದು ದಸರಾ.

ಮನೆ ನಂಜನಗೂಡಿನ ಪೇಟೆಯ ಹಿಂದಿನ ಬೀದಿಯಲ್ಲಿತ್ತು. ರೈಲು ಡಬ್ಬಿಯಂಥ ಮನೆ. ಜಗಲಿ, ನಡುಮನೆ, ಅಡುಗೆಮನೆ, ಹಿತ್ತಲು ಎಲ್ಲವೂ ಒಂದರ ಬೆನ್ನಿಗೆ ಒಂದು. ಬೀದಿಬಾಗಿಲಲ್ಲಿ ನಿಂತು ಸೀನಿದರೆ ಹಿತ್ತಲ ಕಾಗೆ ಹಾರಿಹೋಗುತ್ತದೆ ಎಂದು ಅವ್ವ ನಗುತ್ತಿದ್ದಳು. ಅಪ್ಪನ ಅಂಗಡಿ ಬಜಾರಿನಲ್ಲಿತ್ತು. ಕಡಲೆಪುರಿ, ಹುರಿಗಡಲೆ, ಬೆಲ್ಲ, ಕೊಬ್ಬರಿ, ಬತ್ತಾಸು, ಇಷ್ಟೇ ಸರಕು. ದೇವಸ್ಥಾನಕ್ಕೆ ಬಂದವರು ವರ್ಷವಿಡೀ ಕೊಳ್ಳುತ್ತಿದ್ದರೂ ಅಪ್ಪನ ನಿಜವಾದ ಸುಗ್ಗಿ ಆಯುಧಪೂಜೆ. ಸೈಕಲ್ ಷಾಪಿನಿಂದ ಹಿಡಿದು ಅಕ್ಕಿ ಗಿರಣಿಯವರೆಗೆ ಕಡಲೆಪುರಿ ಹಂಚದೆ ತನ್ನ ಯಂತ್ರವನ್ನು ಪೂಜಿಸುವ ಧೈರ್ಯ ನಮ್ಮ ಸೀಮೆಯಲ್ಲಿ ಯಾರಿಗೂ ಇಲ್ಲ. ಹೀಗಾಗಿ ಊರಿಗೆಲ್ಲ ಹಬ್ಬ ಒದಗಿಸುವ ಮನುಷ್ಯ ಹಬ್ಬದ ದಿನಗಳಲ್ಲಿ ಸ್ವಂತ ಮನೆಯ ಮುಖ ನೋಡುತ್ತಿರಲಿಲ್ಲ. ಬೆಳಗ್ಗೆ ಎದ್ದು ಅನ್ನ, ಸಾರು ಮಾಡಿಟ್ಟು, ಒಲೆಗೆ ನೀರು ಚಿಮುಕಿಸಿ, ಒಮ್ಮೆ ಕೈಯಿಂದ ಬೂದಿ ಮುಟ್ಟಿ ನೋಡಿ, ಹೊರಡುತ್ತಿದ್ದ. ಅಪ್ಪನ ಸಾರಿನ ವಿಷಯ ಏನು ಹೇಳಲಿ? ದಿನವೂ ಅದೇ ಸಾರು. ಬೇಳೆಯ ಹೆಸರು ಮಾತ್ರ ಬದಲಾಗುತ್ತಿತ್ತು. ನನ್ನ ತಮ್ಮ ಶಿವು ಅದನ್ನು ತಟ್ಟೆಯಲ್ಲಿ ಆಚೆ ಈಚೆ ವಾಲಿಸಿ, “ಅಕ್ಕಾ, ಹೊಳೇಲಿ ಮೀನು ಕಾಣ್ಸ್ತಾ ಇಲ್ಲ” ಎನ್ನುತ್ತಿದ್ದ. ನಮ್ಮ ಪುಟ್ಟ ತಂಗಿ ಮಣಿ, ಇನ್ನೂ ಮಾತು ಪೂರ್ತಿ ಬಾರದವಳು, ನಿಜವಾಗಿಯೂ ಬಗ್ಗಿ ಹುಡುಕುತ್ತಿದ್ದಳು.

ಈ ಮಣಿಯದೇ ಮನೆಯ ದೊಡ್ಡ ವ್ಯಾಜ್ಯ. ಅವ್ವನ ತಿಥಿ ಊಟ ಮುಗಿದ ದಿನ, ನೆಂಟರೆಲ್ಲ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಾಗ, ಅವ್ವನ ತಾಯಿ, ಸೋಸಲೆಯ ಅಜ್ಜಿ, ಮಣಿಯನ್ನು ತೊಡೆಯ ಮೇಲೆ ಹಾಕಿಕೊಂಡು ಮಾತು ತೆಗೆದಿದ್ದಳು. ಅಜ್ಜಿಗೆ ದನಿ ತಗ್ಗಿಸಿ ಮಾತಾಡುವ ಅಭ್ಯಾಸವಿರಲಿಲ್ಲ; ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಕೂಗಿ ಗಂಟಲು ಹಾಗೆಯೇ ನಿಂತುಬಿಟ್ಟಿತ್ತು.

“ಕೂಸ್ನ ನಾನು ಕರ್ಕಂಡ್ ಓಯ್ತೀನಿ ಕಣಪ್ಪ. ನೀನು ಪುರಿ ಅಳೀತಾ ಕೂತ್ರೆ ಇದ್ಕೆ ತಲೆ ಬಾಚೋರ್ಯಾರು, ಕುಂಡಿ ತೊಳ್ಯೋರ್ಯಾರು?”

“ಇರ್ಲಿ ಅತ್ತೆ,” ಎಂದ ಅಪ್ಪ. “ಅವ್ಳು ಓದ್ಲು, ಈಗ ಇದೂ ಓದ್ರೆ ಮನೆ ಬಣಬಣ ಅಂತದೆ.”

“ಬಣಬಣ ಅಂತದೆ ಅಂತ ಕೂಸ್ನ ಇಟ್ಕಂಡಿಯಾ? ರೇಡಿಯಾ ತಂದಿಟ್ಕೊ.”

ಅಪ್ಪ ಎಲೆಯಡಿಕೆಯ ತಟ್ಟೆಯನ್ನು ಅಜ್ಜಿಯ ಕಡೆ ಸರಿಸಿದ. “ದಸರಾ ಕಳೀಲಿ ಅತ್ತೆ. ಆಯುಧಪೂಜೆಗೆ ಬನ್ನಿ, ಬಂದು ನೋಡಿ. ಮಕ್ಳು ಎಂಗವೆ ಅಂತ ನೀವೇ ನೋಡ್ಬುಟ್ಟು ಏಳಿ” ಎಂದ. ಅಜ್ಜಿ ಒಪ್ಪಿ ಬಸ್ಸು ಹತ್ತಿದಳು. ನಂಜನಗೂಡಿನಿಂದ ನರಸೀಪುರಕ್ಕೆ ಒಂದು ಬಸ್ಸು, ಅಲ್ಲಿಂದ ಸೋಸಲೆಗೆ ಇನ್ನೊಂದು. ದೂರ ಏನೂ ಅಲ್ಲ. ಆದರೆ ಅವ್ವ ಮದುವೆಯಾಗಿ ಬಂದ ಮೇಲೆ ತವರಿಗೆ ಹೋಗಿ ಬಂದದ್ದನ್ನು ಬೆರಳಲ್ಲಿ ಎಣಿಸಬಹುದಿತ್ತು ಎಂಬುದು ನನಗೆ ಗೊತ್ತಿತ್ತು. ಹತ್ತಿರದ ಊರುಗಳಿಗೆ ಹೋಗುವುದೇ ಜನಕ್ಕೆ ಕಷ್ಟ.

ಅಲ್ಲಿಂದ ಮುಂದೆ ನಾನು ಮನೆಯ ಹೊಣೆಯನ್ನು ಔಪಚಾರಿಕವಾಗಿ ವಹಿಸಿಕೊಂಡೆ. ಹನ್ನೊಂದು ವರ್ಷದವಳು. ಪಟ್ಟಾಭಿಷೇಕಕ್ಕೆ ಅವ್ವನ ಹಳೆಯ ಸೀರೆಯ ತುಂಡೊಂದನ್ನು ಸೊಂಟಕ್ಕೆ ಸುತ್ತಿಕೊಂಡಿದ್ದೆ. ಮಣಿಗೆ ಸ್ನಾನ ಮಾಡಿಸುವುದು, ಎರಡು ಜಡೆ ಹಾಕುವುದು, ಉಚ್ಚೆಯ ಚಡ್ಡಿ ಒಗೆಯುವುದು, ಮಧ್ಯಾಹ್ನ ಮಲಗಿಸುವುದು. ಮಣಿ ಮಲಗುವಾಗ ಕಿವಿಯನ್ನು ಹಿಡಿದುಕೊಳ್ಳುತ್ತಿದ್ದಳು. ತನ್ನದನ್ನಲ್ಲ, ಪಕ್ಕದಲ್ಲಿ ಮಲಗಿದವರದನ್ನು. ಅದು ಅವ್ವನ ಕಿವಿಯಾಗಿತ್ತು, ಈಗ ನನ್ನದಾಯಿತು. ನಾನು ಮತ್ತು ಶಿವು ಸರದಿಯ ಮೇಲೆ ಶಾಲೆಗೆ ಹೋಗುವುದೆಂದು ಒಪ್ಪಂದವಾಗಿತ್ತು. ಒಪ್ಪಂದದ ಮೊದಲ ಭಾಗವಾದ ಶಿವುವಿನ ಸರದಿ ಬಹಳ ಚೆನ್ನಾಗಿ ಜಾರಿಯಾಯಿತು.

ದಸರಾ ಹತ್ತಿರ ಬಂದಂತೆ ನನಗೆ ಒಂದೇ ಯೋಚನೆ. ಅಜ್ಜಿ ಬಂದಾಗ ಇದು ಹಬ್ಬ ನಡೆಯುತ್ತಿರುವ ಮನೆ ಎಂದು ಕಾಣಬೇಕು. ಗೊಂಬೆ ಕೂತಿರಬೇಕು, ಬೀದಿಯ ಮಕ್ಕಳೆಲ್ಲ ಬಂದು ಹೋಗುತ್ತಿರಬೇಕು, ಅವರ ಕೈಗೆ ಚರ್ಪು ಬೀಳುತ್ತಿರಬೇಕು. ಗೊಂಬೆ ನೋಡಲು ಬಂದ ಮಕ್ಕಳಿಗೆ ಕೊಡುವ ತಿಂಡಿಗೆ ನಮ್ಮ ಕಡೆ ಚರ್ಪು ಎನ್ನುತ್ತಾರೆ. ದಿನಕ್ಕೊಂದು ಬಗೆ ಮಾಡುತ್ತಾರೆ, ಯಾರ ಮನೆಯದು ಜೋರು ಎಂದು ಮಕ್ಕಳು ಬೀದಿಯಲ್ಲೇ ತೀರ್ಪು ಹೇಳುತ್ತಾರೆ. ಗೊಂಬೆ ಕೂರಿಸುವುದು ನಮ್ಮ ಮನೆತನದ ಪದ್ಧತಿಯಾಗಿರಲಿಲ್ಲ. ಅವ್ವ ಸೋಸಲೆಯ ರೈತರ ಮನೆಯಿಂದ ಬಂದವಳು. ಅಲ್ಲಿ ದಸರಾ ಎಂದರೆ ನೇಗಿಲಿಗೆ ಕುಂಕುಮ, ಎತ್ತಿಗೆ ಹೂವು. ಪೇಟೆಗೆ ಬಂದು, ಜಯಮ್ಮನವರ ಮನೆಯ ಗೊಂಬೆಗಳನ್ನು ಬಾಗಿಲಾಚೆ ನಿಂತು ನೋಡಿ ನೋಡಿ, ಒಂದು ವರ್ಷ ತಾನೇ ಹೋಗಿ ರಾಜ ರಾಣಿಯ ಮರದ ಜೋಡಿಯೊಂದನ್ನು ತಂದು ಕೂರಿಸಿದಳು. ಆಮೇಲೆ ವರ್ಷಕ್ಕೊಂದು ಮಣ್ಣಿನ ಗೊಂಬೆ ಸೇರಿತು. ದಿನಸಿಯ ರಾಶಿ ಮುಂದೆ ಇಟ್ಟುಕೊಂಡು ಕೂತ ಡೊಳ್ಳುಹೊಟ್ಟೆಯ ಶೆಟ್ಟಿಯ ಗೊಂಬೆ ಬಂದ ವರ್ಷ, “ನೋಡ್ರೋ, ನಿಮ್ಮಪ್ಪ ಅಬ್ಬದಲ್ಲಿ ಮನೇಲವ್ನೆ” ಎಂದು ಅವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಅಪ್ಪ ಅಂಗಡಿಯಿಂದ ಬಂದು ಆ ಗೊಂಬೆಯನ್ನು ತಿರುಗಿಸಿ ನೋಡಿ, “ತಕ್ಕಡಿ ಎಲ್ಲಿ?” ಎಂದಷ್ಟೇ ಕೇಳಿದ.

ತಿಂಡಿ ಮಾಡಬೇಕು, ಆದರೆ ಒಂದು ಸರ್ಕಾರ ಒಲೆ ಹಚ್ಚಬೇಡ ಎನ್ನುತ್ತದೆ, ಇನ್ನೊಂದು ಬಾಣಲೆ ಇಡಬೇಡ ಎನ್ನುತ್ತದೆ. ನಾನು ಮಣಿಯನ್ನು ಸೊಂಟಕ್ಕೇರಿಸಿಕೊಂಡು, ಶಿವುವನ್ನು ಸಾಕ್ಷಿಗೆ ಕರೆದುಕೊಂಡು, ಎದುರು ಮನೆಯ ಜಗಲಿಗೆ ಅರ್ಜಿ ಒಯ್ದೆ. ಜಯಮ್ಮನವರು ಹೂಬತ್ತಿ ಹೊಸೆಯುತ್ತ ಕೂತಿದ್ದರು.

“ಜಯಮ್ಮತ್ತೆ, ಒಲೇನೇ ಹಚ್ಚದೆ ತಿಂಡಿ ಮಾಡಿದ್ರೆ ತಪ್ಪಾ?”

“ಒಲೆ ಹಚ್ಚದೆ ಏನೇ ಮಾಡ್ತೀಯ, ಮಣ್ಣುಂಡೇನಾ?”

“ಹುರಿಗಡಲೆ ಉಂಡೆ. ಬಾಳೆಹಣ್ಣಿನ ರಸಾಯನ. ಕೋಸಂಬರಿ, ಒಗ್ಗರಣೆ ಇಲ್ದೆ.”

ಜಯಮ್ಮನವರು ಬತ್ತಿಯನ್ನು ಕೆಳಗಿಟ್ಟು ಹೈಕೋರ್ಟಿನಷ್ಟು ಹೊತ್ತು ಯೋಚಿಸಿದರು.

“ಬೆಂಕಿ ಕಾಣದ್ದು ಅಡುಗೆ ಅಲ್ಲ. ಅಡುಗೆ ಅಲ್ಲದ್ದು ಹಬ್ಬ ಅಲ್ಲ. ಮಾಡ್ಕೊಳ್ಳಿ.”

ಶಿವುವಿಗೆ ಗೆದ್ದ ಮೊಕದ್ದಮೆಯನ್ನು ಕೆದಕುವ ಚಟ. “ಹುರಿಗಡ್ಲೆ ಹುರಿದಿದ್ದಲ್ವಾ ಜಯಮ್ಮತ್ತೆ?”

“ಅದು ಬೇರೆಯೋರ ಬೆಂಕಿ ಕಣೋ. ನಮಗಂಟೋದಿಲ್ಲ.”

“ಗೊಂಬೆ?” ಎಂದೆ ನಾನು.

“ನಿಮ್ಮವ್ವ ಹಿಡಿದಿದ್ದನ್ನ ತಪ್ಪಿಸಬಾರದು. ರಾಜ ರಾಣಿ ಒಂದು ಜೊತೆ ಇಡು. ಒಂದು ದೀಪ ಹಚ್ಚು. ಸಾಕು.” ಹಾಗೆಂದು ಮಣಿಯ ಕೆನ್ನೆ ಹಿಂಡಿ, ಬತ್ತಿಯ ಹತ್ತಿಯನ್ನು ಮತ್ತೆ ಎತ್ತಿಕೊಂಡರು. ಅವರು ಅಲ್ಲಿಗೆ ನಿಲ್ಲಿಸಿದರು. ಇನ್ನೊಂದು ಮಾತು ಹೇಳುವುದಿತ್ತು. ಆದರೆ ಅದು ಯಾರಿಗಾದರೂ ಹೇಳಿಕೊಡಬೇಕಾದ ಮಾತು ಎಂದೇ ಅವರಿಗೆ ಹೊಳೆದಿರಲಿಕ್ಕಿಲ್ಲ.

ಆಯುಧಪೂಜೆಯ ಬೆಳಗ್ಗೆ ಅಪ್ಪ ಕತ್ತಲಿರುವಾಗಲೇ ಅಂಗಡಿಗೆ ಹೋದ. ನಾವು ನಡುಮನೆಯಲ್ಲಿ ಕಾರ್ಖಾನೆ ತೆರೆದೆವು. ಸರಕಿಗೆ ಕೊರತೆಯಿರಲಿಲ್ಲ, ಹುರಿಗಡಲೆ, ಬೆಲ್ಲ, ಕೊಬ್ಬರಿಗಳನ್ನು ಅಪ್ಪನೇ ಹಿಂದಿನ ದಿನ ತಂದು, ಏನು ಎತ್ತ ಎಂದು ಕೇಳದೆ ಇಟ್ಟು ಹೋಗಿದ್ದ. ತುಪ್ಪ ಗಟ್ಟಿಯಾಗಿತ್ತು. ಒಲೆಯಿಲ್ಲದೆ ಕರಗಿಸುವುದು ಹೇಗೆ? ಬಟ್ಟಲನ್ನು ಹಿತ್ತಲ ಒಗೆಯುವ ಕಲ್ಲಿನ ಮೇಲೆ ಬಿಸಿಲಿಗಿಟ್ಟು, ಕಾಗೆ ಕಾಯಲು ಮಣಿಯನ್ನು ನೇಮಿಸಿದೆವು. ಮಳೆಗಾಲ ಕಳೆದ ಹೊಸ ಬಿಸಿಲು, ಚುರುಕಾಗಿತ್ತು. ಮಣಿ ಕೈಯಲ್ಲೊಂದು ಕಡ್ಡಿ ಹಿಡಿದು ಬಟ್ಟಲ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕಾಗೆ ಬಂದರೆ “ಓಗು, ನಮ್ಮನೇದು” ಎಂದು ಹೇಳುವಳು. ಬಾರದಿದ್ದರೆ ತಾನೇ ಬೆರಳದ್ದಿ ನೆಕ್ಕುವಳು. ಮಧ್ಯಾಹ್ನದ ಹೊತ್ತಿಗೆ ತುಪ್ಪ ಕರಗಿತ್ತು, ಕಡಿಮೆಯೂ ಆಗಿತ್ತು.

ಹುರಿಗಡಲೆಯನ್ನು ಹಿತ್ತಲ ಒರಳಿನಲ್ಲಿ ನಾನು ಕುಟ್ಟಿದೆ. ಅವ್ವನ ಕೈಯ ಒನಕೆ ನನ್ನ ತಲೆಗಿಂತ ಎತ್ತರ. ಎತ್ತಿದರೆ ಅದು ನನ್ನನ್ನೂ ಎತ್ತುತ್ತಿತ್ತು. ಶಿವು ಕೊಬ್ಬರಿ ತುರಿದ. ತುರಿದದ್ದಕ್ಕಿಂತ ತಿಂದದ್ದು ಹೆಚ್ಚೆಂದು ಇಂದಿಗೂ ನನ್ನ ಅನುಮಾನ. ರಸಬಾಳೆಯ ಹಣ್ಣನ್ನು ಹೆಚ್ಚಿ, ಬೆಲ್ಲ, ತೆಂಗಿನತುರಿ, ಏಲಕ್ಕಿ ಬೆರೆಸಿಟ್ಟಾಗ ಮನೆಯೊಳಗೆ ಆಷಾಢದಿಂದ ಇಲ್ಲದಿದ್ದ ಒಂದು ವಾಸನೆ ತುಂಬಿಕೊಂಡಿತು. ಶಿವು ತುರಿಯುವುದನ್ನು ನಿಲ್ಲಿಸಿ ಅಡುಗೆಮನೆಯ ಬಾಗಿಲ ಕಡೆ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮತ್ತೆ ತುರಿದ.

ಉಂಡೆ ಕಟ್ಟುವಾಗ ವಿಪತ್ತು ಎದುರಾಯಿತು. ಕಟ್ಟಿದ ಉಂಡೆ ಕೈ ಬಿಟ್ಟೊಡನೆ ಪುಡಿಯಾಗಿ ತಟ್ಟೆಗೆ ಹಿಂದಿರುಗುತ್ತಿತ್ತು. ತುಪ್ಪ ಸಾಲದು. ನೀರು ಹಾಕೋಣ ಎಂದ ಶಿವು. ನಾನು ಬೇಡವೆಂದೆ, ಅವನು ಹಾಕಲು ಹೋದ, ಜಗಳವಾಗಿ ಪರಸ್ಪರ ಕೂದಲು ಹಿಡಿದೆವು. ಕೂದಲು ಹಿಡಿದಿರುವಾಗಲೇ ನನಗೆ ಅವ್ವ ಕೊಬ್ಬರಿ ಬೆಲ್ಲ ಎರಡನ್ನೂ ಒಟ್ಟಿಗೆ ಒರಳಿಗೆ ಹಾಕುತ್ತಿದ್ದದ್ದು ನೆನಪಾಯಿತು. ‘ಜೊತೆಗೆ ಕುಟ್ಟಿದ್ರೆ ಬೆವರ್ತವೆ ಕಣೆ’ ಎನ್ನುತ್ತಿದ್ದಳು. ಹಾಗೇ ಕುಟ್ಟಿದೆವು. ಕೊಬ್ಬರಿ ಎಣ್ಣೆ ಬಿಟ್ಟಿತು, ಬೆಲ್ಲ ಮೆತ್ತಗಾಯಿತು, ಹಿಟ್ಟು ಬೆರೆಸಿದರೆ ಉಂಡೆ ನಿಂತಿತು. ನನ್ನದು ನಿಂಬೆಹಣ್ಣಿನಷ್ಟು, ಶಿವುವಿನದು ಎರಡು ನಿಂಬೆಹಣ್ಣಿನಷ್ಟು, ಮಣಿಯದು ಗೋಲಿಯಷ್ಟು. ಮಣಿ ಒಂದೊಂದನ್ನೂ ಎರಡೂ ಕೈಯಿಂದ ಒತ್ತಿ ಒತ್ತಿ, ತಟ್ಟೆಯಲ್ಲಿಟ್ಟು, “ಇದು ಅಜ್ಜಿಗೆ” ಎನ್ನುವಳು. ಮುಂದಿನದನ್ನೂ ಅಜ್ಜಿಗೇ. ಬೀದಿಯ ಮಕ್ಕಳಿಗೆ ಒಂದನ್ನೂ ಮಂಜೂರು ಮಾಡಲಿಲ್ಲ.

ಈಗ ನನ್ನ ಮೊಮ್ಮಗಳ ಶಾಲೆಯಲ್ಲಿ ಇದಕ್ಕೆ ‘ಫೈರ್‌ಲೆಸ್ ಕುಕಿಂಗ್’ ಎಂದು ನಾಮಕರಣ ಮಾಡಿದ್ದಾರೆ. ದಸರಾ ರಜೆಗೆ ಮುಂಚೆ ಸ್ಪರ್ಧೆ, ಬಹುಮಾನ, ಫೋಟೋ. ಮಕ್ಕಳು ಬಿಸ್ಕತ್ತು ಪುಡಿ ಮಾಡಿ, ಚಾಕೊಲೇಟು ಸುರಿದು, ಬಣ್ಣದ ಕಾಳು ಉದುರಿಸಿ ಉಂಡೆ ಮಾಡುತ್ತಾರೆ. ಹೋದ ವರ್ಷ ಈ ಸ್ಪರ್ಧೆಗೆ ನನ್ನನ್ನು ತೀರ್ಪುಗಾರಳಾಗಿ ಕರೆದಿದ್ದರು. ನಿವೃತ್ತ ಶಿಕ್ಷಕಿಯರನ್ನು ಇಂಥದಕ್ಕೆ ಕರೆಯುವುದು ವಾಡಿಕೆ. ಬೆಂಕಿಯಿಲ್ಲದೆ ಏಕೆ ಮಾಡುತ್ತೀರಿ ಎಂದು ಒಂದು ಹುಡುಗಿಯನ್ನು ಕೇಳಿದೆ. “ಈಸಿ ಅಲ್ವಾ ಮಿಸ್” ಎಂದಳು. ಹೌದು ಕಣಮ್ಮ ಎಂದು ಅವಳಿಗೆ ಪೂರ್ತಿ ಅಂಕ ಕೊಟ್ಟೆ.

ಉಂಡೆ ಆಯಿತು, ರಸಾಯನವಾಯಿತು, ನೆನೆಸಿದ ಹೆಸರುಬೇಳೆಗೆ ಸೌತೆಕಾಯಿ ಹೆಚ್ಚಿ ಹಾಕಿದ್ದಾಯಿತು. ಬೆಲ್ಲದ ಖಾಲಿ ಪೆಟ್ಟಿಗೆಯ ಮೇಲೆ ಅವ್ವನ ಸೀರೆ ಹಾಸಿ ರಾಜ ರಾಣಿಯನ್ನು ಕೂರಿಸಿ, ಜಯಮ್ಮನವರ ಅಪ್ಪಣೆಯಂತೆ ಅಷ್ಟಕ್ಕೇ ಮುಗಿಸಿದೆವು. ಶೆಟ್ಟಿ ಮಿಕ್ಕ ಗೊಂಬೆಗಳ ಜೊತೆ ಡಬ್ಬದೊಳಗೇ ಉಳಿದ. ಆಮೇಲೆ ಮೂವರೂ ಮುಖ ತೊಳೆದು, ಕುಂಕುಮದ ಬಟ್ಟಲು ಹಿಡಿದು, ಬೀದಿಯ ಮನೆಮನೆಗೆ ಕರೆಯಲು ಹೊರಟೆವು. ಅವ್ವ ಹೀಗೆಯೇ ಹೋಗುತ್ತಿದ್ದಳು.

“ನಮ್ಮನೇಲಿ ಗೊಂಬೆ ಕೂರ್ಸಿದೀವಿ. ಸಂಜೆ ಮಕ್ಕಳನ್ನ ಚರ್ಪಿಗೆ ಕಳ್ಸಿ” ಎಂದು ನಾನು ಹೇಳುವುದು, ಶಿವು ಹಿಂದಿನಿಂದ “ಉಂಡೆ ದೊಡ್ಡದಿದೆ” ಎಂದು ಸೇರಿಸುವುದು.

ಬಾಗಿಲಿಗೆ ಬಂದ ಹೆಂಗಸರೆಲ್ಲ ಬಹಳ ಮೃದುವಾಗಿದ್ದರು. ನಾನು ಚಾಚಿದ ಬಟ್ಟಲಿನ ಕಡೆ ಯಾರೂ ಕೈ ನೀಡಲಿಲ್ಲ. ಕೈ ಒದ್ದೆ, ಹಿಟ್ಟು, ಎಣ್ಣೆ ಎಂದು ಸೆರಗಿಗೆ ಒರೆಸಿಕೊಂಡರು. ಒಬ್ಬರು ಮಣಿಯ ತಲೆ ಸವರಿ ಒಳಗೆ ಹೋಗಿ ಬಾಳೆಹಣ್ಣು ತಂದುಕೊಟ್ಟರು. “ಬತ್ತಾರೆ ಓಗವ್ವ, ಬತ್ತಾರೆ” ಎಂದರು ಎಲ್ಲರೂ. ಇಷ್ಟು ಪ್ರೀತಿಯಿಂದ ಒಪ್ಪಿಕೊಂಡ ಮೇಲೆ ಉಂಡೆ ಸಾಲುವುದೋ ಇಲ್ಲವೋ ಎಂದು ನನಗೆ ಹೆದರಿಕೆಯಾಯಿತು. ಮನೆಗೆ ಬಂದು ಶಿವುವಿನ ಉಂಡೆಗಳನ್ನು ಒಡೆದು ಎರಡೆರಡು ಮಾಡಿದೆ.

ಅಜ್ಜಿ ದೀಪ ಹಚ್ಚುವ ಹೊತ್ತಿಗೆ ಬಂದಳು. ಕಂಕುಳಲ್ಲಿ ಹಸಿ ಕಡಲೆಕಾಯಿಯ ಗಂಟು. ಹೊಸ್ತಿಲ ಮೇಲೆ ನಿಂತು ಗೊಂಬೆ ನೋಡಿದಳು, ಕೆಳಗೆ ಹಾಸಿದ ಸೀರೆ ನೋಡಿದಳು, ಜೋಡಿಸಿಟ್ಟ ತಟ್ಟೆಗಳನ್ನು ನೋಡಿದಳು. ಆ ಗಟ್ಟಿ ಗಂಟಲಿನ ಹೆಂಗಸು ದನಿ ತಗ್ಗಿಸಿ ಕೇಳಿದಳು:

“ಯಾರು ಮಾಡಿದ್ರು?”

“ನಾವೇ ಅಜ್ಜಿ. ಬೆಂಕಿ ಮುಟ್ಟಿಲ್ಲ. ಕೂತ್ಕೋ, ಈಗ ಮಕ್ಳು ಬರ್ತಾರೆ.”

ಅಜ್ಜಿ ಗೋಡೆಗೆ ಒರಗಿ ಕೂತಳು. ನಾನು ಬಾಗಿಲ ಬಳಿ ಉಂಡೆಯ ತಟ್ಟೆ ಹಿಡಿದು ನಿಂತೆ. ಬೀದಿಯ ಆ ತುದಿಯಿಂದ ಮಕ್ಕಳ ಗುಂಪು ಹೊರಟಿದ್ದು ಕೇಳಿಸುತ್ತಿತ್ತು. “ರೀ, ಗೊಂಬೆ ಕೂರ್ಸಿದೀರಾ?” ಎಂದು ಒಂದೊಂದು ಬಾಗಿಲಲ್ಲೂ ಕೂಗು, ನಗು, ಚರ್ಪಿಗಾಗಿ ತಳ್ಳಾಟ. ಕೂಗು ಹತ್ತಿರ ಬಂತು. ಪಕ್ಕದ ಮನೆಯಲ್ಲಿ ಕೂಗಿದರು. ನಾನು ತಟ್ಟೆಯನ್ನು ನೇರ ಮಾಡಿಕೊಂಡೆ. ಗುಂಪು ನಮ್ಮ ಜಗಲಿಯ ಮುಂದೆ ಬಂದಾಗ ಅದರಲ್ಲಿದ್ದ ದೊಡ್ಡ ಹುಡುಗಿ, ನನ್ನ ತರಗತಿಯವಳೇ, ಚಿಕ್ಕವರ ಕೈ ಹಿಡಿದು ಬೀದಿಯ ಆ ಬದಿಗೆ ಎಳೆದಳು. ಎಲ್ಲರೂ ಮಾತು ನಿಲ್ಲಿಸಿದರು. ಚಪ್ಪಲಿಯ ಸದ್ದು ಮಾತ್ರ ದಾಟಿತು. ಎದುರು ಮನೆಯ ಮೆಟ್ಟಿಲು ಹತ್ತಿದ ಮೇಲೆ ಮತ್ತೆ ಕೂಗು ಎದ್ದಿತು: “ಜಯಮ್ಮತ್ತೇ, ಗೊಂಬೆ ಕೂರ್ಸಿದೀರಾ?”

ನಾನು, “ಈ ಗುಂಪು ಅಲ್ಲ ಅಜ್ಜಿ, ಬೇರೆ ಗುಂಪು ಬರುತ್ತೆ” ಎಂದೆ.

ಬೇರೆ ಗುಂಪುಗಳೂ ಬಂದವು. ಅವೂ ಹಾಗೆಯೇ ದಾಟಿದವು. ಹುಡುಗರ ಗುಂಪು ನಮ್ಮ ಬಾಗಿಲ ಮುಂದೆ ಓಡಿಯೇ ಹೋಯಿತು. ಶಿವು ಜಗಲಿಯಿಂದ ಇಳಿದು ಒಬ್ಬನ ಅಂಗಿ ಹಿಡಿದು, “ಯಾಕ್ಲಾ? ಉಂಡೆ ತಿನ್ನಲ್ವೇನ್ಲಾ?” ಎಂದು ಕೇಳಿದ. ಆ ಹುಡುಗ ಬಹಳ ಸಂಕಟದಿಂದ, “ನಿಮ್ಮನೇಲಿ ತಿನ್ಬಾರ್ದಂತೆ ಕಣ್ಲಾ, ವರ್ಸ ಆಗೋಗಂಟ. ಅಮ್ಮ ಏಳವ್ಳೆ. ಆಮ್ಯಾಕೆ ತಿಂತೀನಿ” ಎಂದು ಅಂಗಿ ಬಿಡಿಸಿಕೊಂಡ.

ಸಾವಾದ ಮನೆಯವರು ವರ್ಷ ತುಂಬುವ ತನಕ ಯಾರನ್ನೂ ಕುಂಕುಮಕ್ಕೆ ಕರೆಯುವುದಿಲ್ಲ, ಕರೆದರೂ ಯಾರೂ ಬರುವುದಿಲ್ಲ. ಇದು ಗೊತ್ತಿಲ್ಲದವರು ಬೀದಿಯಲ್ಲಿ ಇದ್ದದ್ದು ಮೂವರೇ, ಮೂವರೂ ಅಂದು ಬಾಗಿಲಲ್ಲಿ ನಿಂತಿದ್ದೆವು. ಇಂಥದನ್ನು ನಮಗೆ ಹೇಳಿಕೊಡಬೇಕಾಗಿದ್ದವಳು, ಯಾರು ಸತ್ತದ್ದಕ್ಕೆ ಈ ನಿಯಮ ಬಂದಿತ್ತೋ ಅವಳೇ.

ಅಜ್ಜಿ ಎದ್ದು ಬಂದು ನನ್ನ ಕೈಯಿಂದ ತಟ್ಟೆ ತೆಗೆದುಕೊಂಡಳು. ಬಾಗಿಲು ಮುಂದೆ ಮಾಡಿ, ಅದನ್ನು ನೆಲದ ಮೇಲಿಟ್ಟು, ಸುತ್ತ ನಮ್ಮನ್ನು ಕೂರಿಸಿಕೊಂಡಳು.

“ಅವ್ರ್ ತಿನ್ದೇ ಓದ್ರೆ ಓಗ್ಲಿ. ಈ ಸೂತ್ಕ ನಂದೂ ಅಲ್ವಾ? ನಂಗ್ಯಾವ್ ಮೈಲ್ಗೆ? ತತ್ತಾ ಇಲ್ಲಿ.”

ಮಣಿ ಗೋಲಿ ಉಂಡೆಗಳನ್ನು ಒಂದೊಂದಾಗಿ ಅಜ್ಜಿಯ ಬಾಯಿಗೆ ಹಾಕಿದಳು. ಹಲ್ಲಿಲ್ಲದ ಬಾಯಿ, ಅಜ್ಜಿ ಕರಗಿಸಿ ಕರಗಿಸಿ ತಿಂದಳು. “ಸಂದಾಗದೆ. ಬೋ ಸಂದಾಗದೆ. ನಿಮ್ಮವ್ವನ ಕೈಯಂಗೇ ಅದೆ” ಎಂದಳು. ರಸಾಯನ ತಿಂದಳು, ಕೋಸಂಬರಿಯನ್ನು ಅಂಗೈಯಲ್ಲಿ ಹಾಕಿಸಿಕೊಂಡು ಚಪ್ಪರಿಸಿದಳು. ಅಂದು ನಾಚಿಕೆಯಿಂದ ಕುಗ್ಗಿಹೋಗಿದ್ದ ನನಗೆ ಮೆಲ್ಲಗೆ ಜೀವ ಬಂತು. ಬೀದಿಯನ್ನು ಸೋತರೇನು, ಅಜ್ಜಿಯನ್ನು ಗೆದ್ದೆವು ಅನಿಸಿತು. ಅಜ್ಜಿಯ ಮೆಚ್ಚುಗೆಯ ಮೇಲೆ ತಾನೇ ಮಣಿ ಉಳಿಯುವುದು ನಿಂತಿರುವುದು? ಶಿವುವಿಗೂ ಹಾಗೇ ಅನಿಸಿರಬೇಕು. ನಮ್ಮ ಪಕ್ಷವನ್ನು ಇನ್ನಷ್ಟು ಬಲಪಡಿಸಲು ಅವನು ವಾದ ಮಂಡಿಸತೊಡಗಿದ.

“ಮಣೀಗೆ ಅಕ್ಕಾನೇ ನೀರಾಕ್ತಾಳೆ ಅಜ್ಜಿ. ಅಕ್ಕಾನೇ ಜಡೆ ಆಕ್ತಾಳೆ. ಬಟ್ಟೆ ಒಗೀತಾಳೆ. ಜ್ವರ ಬಂದಾಗ ಅಕ್ಕ ಕೂತ್ಕಂಡೇ ಇದ್ಲು, ಮಲಗ್ಲೇ ಇಲ್ಲ.”

“ಔದಾ?” ಎಂದಳು ಅಜ್ಜಿ.

“ಊಂ. ಅಕ್ಕ ಇಸ್ಕೂಲ್ಗೂ ಓಗಲ್ಲ, ಮಣೀನ್ ನೋಡ್ಕಳಾಕೆ. ಮೇಷ್ಟ್ರು ಎಸ್ರೂ ಒಡೆದಾಕ್ಬುಟ್ರು. ಆದ್ರೂ ಓಗ್ಲಿಲ್ಲ!”

ಇದನ್ನು ಅವನು ಎಂಥ ಹೆಮ್ಮೆಯಿಂದ ಹೇಳಿದನೆಂದರೆ, ನಾನೂ ಬೆನ್ನು ನೆಟ್ಟಗೆ ಮಾಡಿ ಕೂತೆ.

ಅಜ್ಜಿ ಬಾಯಾಡಿಸುವುದನ್ನು ನಿಲ್ಲಿಸಿದಳು. ನನ್ನ ಕೈಯನ್ನು ಎಳೆದುಕೊಂಡು ಅಂಗೈ ಬಿಡಿಸಿ ದೀಪದ ಕಡೆ ಹಿಡಿದಳು. ಒನಕೆ ಹಿಡಿದ ಕಡೆ ಬೊಬ್ಬೆ ಎದ್ದು ಒಡೆದಿತ್ತು. ಅಲ್ಲಿಗೆ ಸ್ವಲ್ಪ ತುಪ್ಪ ಸವರಿದಳು.

ಅಪ್ಪ ಬಂದಾಗ ನಾವು ಮಲಗಿದ್ದೆವು. ಬೆಳಗ್ಗೆ ಎದ್ದು ನೋಡಿದರೆ ಅಜ್ಜಿ ನಡುಮನೆಯಲ್ಲಿ ಕೂತು ಮಣಿಯ ಲಂಗಗಳನ್ನು ಮಡಿಸಿ ಗಂಟಿಗೆ ಹಾಕುತ್ತಿದ್ದಳು. ಅಪ್ಪ ಕಂಬಕ್ಕೆ ಒರಗಿ ನಿಂತಿದ್ದ.

“ಅಜ್ಜಿ, ಚೆನ್ನಾಗಿದೆ ಅಂದ್ಯಲ್ಲ?” ಎಂದೆ ನಾನು.

“ಸಂದಾಗಿತ್ತು ಮಗ. ಅದ್ಕೇ ಕರ್ಕಂಡ್ ಓಯ್ತಿರೋದು.” ಅಜ್ಜಿ ಅಪ್ಪನ ಕಡೆ ತಿರುಗಿದಳು. “ಚಿಕ್ಕುದ್ಕಲ್ಲ ಕಣಪ್ಪ ನಾನ್ ಎದ್ರುದ್ದು. ಚಿಕ್ಕುದ್ನ ಇವ್ಳು ನನ್ಗಿಂತ ಸಂದಾಗ್ ಸಾಕ್ತಾಳೆ. ಇವ್ಳ್ನ ಸಾಕೋರ್ಯಾರು? ಇನ್ನೊಂದ್ ವರ್ಸ ಈಗೇ ಬುಟ್ರೆ ಇದು ಇಲ್ಲೇ ಒಲೆ ಮುಂದೆ ಮುದುಕಿ ಆಯ್ತದೆ. ಎಸ್ರು ಮತ್ತೆ ಬರೆಸು. ಇಸ್ಕೂಲ್ಗೆ ಕಳ್ಸು.”

ಅಪ್ಪ ನನ್ನ ಕಡೆ ನೋಡಿದ. ಹೆಸರು ಹೊಡೆದುಹಾಕಿದ್ದು ಅವನಿಗೆ ಗೊತ್ತಿರಲಿಲ್ಲ. ಆ ಸುದ್ದಿಯನ್ನು ಅವನಿ​ಗೆ ಹೇಳಲು ಮನೆಯಲ್ಲಿ ದೊಡ್ಡವರು ಯಾರೂ ಇರಲಿಲ್ಲವಲ್ಲ. “ಆಯ್ತು ಅತ್ತೆ” ಎಂದ. ಅಪ್ಪ ತಕ್ಕಡಿಯ ಮನುಷ್ಯ. ಒಂದು ತಟ್ಟೆ ಕೆಳಗಿಳಿದದ್ದು ಕಂಡ ಮೇಲೆ ಅವನು ಚೌಕಾಸಿ ಮಾಡುತ್ತಿರಲಿಲ್ಲ.

ಬಸ್‌ಸ್ಟ್ಯಾಂಡಿಗೆ ಎಲ್ಲರೂ ಹೋದೆವು. ಮಣಿಗೆ ಬಸ್ಸು ಹತ್ತುವ ಸಂಭ್ರಮ. ಕಿಟಕಿಯ ಬಳಿ ಅಜ್ಜಿಯ ತೊಡೆಯ ಮೇಲೆ ನಿಂತು ಸರಳು ಹಿಡಿದುಕೊಂಡಳು. ಅಪ್ಪ ಬತ್ತಾಸಿನ ಪೊಟ್ಟಣವನ್ನು ಒಳಗೆ ಕೊಟ್ಟ. ಕಂಡಕ್ಟರು ಸೀಟಿ ಊದಿದಾಗ ಮಣಿಗೆ ಏನೋ ಅನುಮಾನ ಬಂತು. ಕೆಳಗೆ ನಿಂತಿದ್ದ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

“ಅಕ್ಕಾ, ಬಿರ್ನೆ ಬಾ. ಬಸ್ಸು ಓಯ್ತದೆ!” ಎಂದಳು.

ಬರ್ತೀನಿ, ಬರ್ತೀನಿ ಎನ್ನುತ್ತ ಬಸ್ಸಿನ ಜೊತೆ ಸ್ವಲ್ಪ ದೂರ ನಡೆದೆ. ಆಮೇಲೆ ಅದು ನರಸೀಪುರದ ರಸ್ತೆಗೆ ತಿರುಗಿತು.

ಮಧ್ಯಾಹ್ನ ಜಯಮ್ಮನವರು ಹಿತ್ತಲ ಬಾಗಿಲಿನಿಂದ ಬಂದರು. ಬೀದಿಬಾಗಿಲಿನಿಂದ ಬಂದರೆ ಅವರದೇ ಕಾನೂನು ಅವರನ್ನು ಹಿಡಿಯುತ್ತಿತ್ತು. “ಕರೀಬಾರದು ಅಂತ ನಾನು ಹೇಳ್ಬೇಕಿತ್ತು ಕಣಮ್ಮ. ನಿಂಗೆ ಗೊತ್ತಿರುತ್ತೆ ಅಂದ್ಕೊಂಡೆ” ಎಂದು ಅಡುಗೆಮನೆಯ ನೆಲದ ಮೇಲೆ ಕೂತು, ಉಂಡೆಯೊಂದನ್ನು ತಾವೇ ತೆಗೆದುಕೊಂಡು, ಆಚೀಚೆ ನೋಡಿ ತಿಂದರು. ಅಳುತ್ತ ತಿಂದದ್ದರಿಂದ ಕೆಮ್ಮು ಬಂತು. ನಾನು ನೀರು ಕೊಟ್ಟೆ. ಉಳಿದ ಉಂಡೆಗಳನ್ನು ಶಿವು ಮುಟ್ಟಲಿಲ್ಲ. ಅವನು ತಿಂಡಿಯೊಂದನ್ನು ಮುಟ್ಟದೆ ಬಿಟ್ಟದ್ದು ನಾನು ಕಂಡಂತೆ ಅದೊಂದೇ ಸಲ.

ರಜೆ ಮುಗಿದ ಮೇಲೆ ಅಪ್ಪ ಅಂಗಡಿ ಮುಚ್ಚಿ ನನ್ನ ಜೊತೆ ಶಾಲೆಗೆ ಬಂದು ಹೆಸರು ಬರೆಸಿದ. ನಾನು ಓದಿದೆ. ಓದು ಚೆನ್ನಾಗಿಯೇ ಹತ್ತಿತು, ಹತ್ತಲೇಬೇಕಿತ್ತು. ಮಧ್ಯಾಹ್ನದ ಹೊತ್ತು ತರಗತಿಯಲ್ಲಿ ಎಲ್ಲರೂ ತೂಕಡಿಸುವಾಗ ನನ್ನ ಕೈ ತಾನಾಗಿ ಕಿವಿಗೆ ಹೋಗುತ್ತಿತ್ತು. ಮೇಷ್ಟ್ರು ಅದನ್ನು ಏಕಾಗ್ರತೆ ಎಂದೆಣಿಸಿ, “ನೋಡಿ, ಹೇಗೆ ಕಿವಿಗೊಟ್ಟು ಕೇಳ್ತಾಳೆ” ಎಂದು ಉಳಿದವರಿಗೆ ತೋರಿಸುತ್ತಿದ್ದರು.

ಸಂಕ್ರಾಂತಿಗೆ ಅಜ್ಜಿ ಮಣಿಯನ್ನು ಕರೆದುಕೊಂಡು ಬಂದಳು. ಮಣಿ ಮೈ ತುಂಬಿಕೊಂಡಿದ್ದಳು, ಕಾಲಲ್ಲಿ ಹೊಸ ಚಪ್ಪಲಿ. ಬಾಗಿಲಲ್ಲಿ ಸ್ವಲ್ಪ ನಾಚಿದಳು, ಆಮೇಲೆ ಬಂದು ನನ್ನ ತೊಡೆಯ ಮೇಲೆ ಕೂತಳು. ಅಲ್ಲಿಯ ಎಮ್ಮೆಯ ಹೆಸರು, ಕರುವಿನ ಹೆಸರು, ಹೊಳೆಯ ಮರಳು ಎಲ್ಲದರ ವರದಿ ಒಪ್ಪಿಸಿದಳು. ಮಾತು ಪೂರ್ತಿ ಬಂದುಬಿಟ್ಟಿತ್ತು. ಅಪ್ಪನ ಸಾರನ್ನು ತಕರಾರಿಲ್ಲದೆ ಉಂಡಳು. ಶಿವು ಅವಳನ್ನು ಬೆನ್ನ ಮೇಲೆ ಹೊತ್ತು ಜಗಲಿಯಿಂದ ಹಿತ್ತಲಿಗೆ, ಹಿತ್ತಲಿನಿಂದ ಜಗಲಿಗೆ ರೈಲು ಓಡಿಸಿದ. ಅಜ್ಜಿ ರಾತ್ರಿ ಉಳಿಯುವುದೆಂದು ಮೊದಲೇ ಮಾತಾಗಿತ್ತು. ನಾನು ಬೆಳಗಿನಿಂದಲೇ ಹಾಸಿಗೆಯಲ್ಲಿ ಮಣಿಗೆ ನನ್ನ ಪಕ್ಕ ಜಾಗ ಮಾಡಿಟ್ಟಿದ್ದೆ. ದೀಪ ಹಚ್ಚಿದ ಮೇಲೆ ಮಣಿ ಆಟ ನಿಲ್ಲಿಸಿ ಹೊರಗೆ ನೋಡಿದಳು. ಬಾಗಿಲ ಬಳಿ ಹೋಗಿ ಚಪ್ಪಲಿ ಎತ್ತಿಕೊಂಡು ಅಜ್ಜಿಯ ಮುಂದೆ ಬಂದು ನಿಂತಳು.

“ಕತ್ಲಾಯ್ತು ಅಜ್ಜಿ. ನಡಿ, ಮನೆಗ್ ಓಗವ.”

ಅಜ್ಜಿ ನನ್ನ ಮುಖ ನೋಡಿದಳು. ಅಪ್ಪ ಎದ್ದು ಹಿತ್ತಲಿಗೆ ಹೋದ. “ಇದೂ ಮನೆಯೇ ಕಣೆ” ಎಂದು ಶಿವು ಏನೋ ಹೇಳಹೊರಟ. ಮಣಿಯ ತುಟಿ ಆಗಲೇ ನಡುಗುತ್ತಿತ್ತು. ಕೊನೆಯ ಬಸ್ಸು ಇನ್ನೂ ಇತ್ತು. ನಾನು ಮಂಡಿಯೂರಿ ಕೂತು, ಒಂದೊಂದೇ ಕಾಲನ್ನು ನನ್ನ ತೊಡೆಯ ಮೇಲಿಟ್ಟುಕೊಂಡು, ಅವಳ ಚಪ್ಪಲಿಯ ಬಾರು ಹಾಕಿದೆ.